ಕೆಂಪು ಗುಂಡಿ ಒತ್ತಿದ ಮೇಲೆ

ಬೇಕರಿಯ ಹಿಂಬದಿಯಲ್ಲಿ ಮೈದಾ ಕಲಸುವ ದೊಡ್ಡ ಯಂತ್ರ ಇರುತ್ತದಲ್ಲ, ಅದರ ಕೊಕ್ಕೆಗೆ ಹಿಟ್ಟಿಗೂ ಕೈಗೂ ಭೇದ ಗೊತ್ತಿಲ್ಲ. ಅಂಗಿಯ ತೋಳು ಸಿಕ್ಕಿದರೂ ಸಾಕು, ಎಳೆದುಕೊಳ್ಳುತ್ತದೆ. ಆಗ ಬೇಕಾಗುವುದು ಹಳದಿ ಹಿನ್ನೆಲೆಯಲ್ಲಿ ಅಣಬೆಯಂತೆ ಎದ್ದು ನಿಂತ ಕೆಂಪು ಗುಂಡಿ. ಅಂಗೈಯಿಂದಲೋ ಮೊಣಕೈಯಿಂದಲೋ ಗುದ್ದಿದರೂ ಒತ್ತಿಕೊಳ್ಳಲಿ ಎಂದೇ ಆ ಆಕಾರ.

ಇದರೊಳಗಿನ ಜಾಣತನವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಮನೆಯ ಕರೆಗಂಟೆಯ ಗುಂಡಿ ಒತ್ತಿದಾಗ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಇಲ್ಲಿ ಒತ್ತಿದಾಗ ಕಡಿಯುತ್ತದೆ. ಯಂತ್ರ ಓಡುವಷ್ಟು ಹೊತ್ತೂ ಈ ಗುಂಡಿಯ ಮೂಲಕ ಪ್ರವಾಹ ಹರಿಯುತ್ತಲೇ ಇರುತ್ತದೆ. ಹೀಗೇಕೆ? ಇಲಿ ತಂತಿ ಕಡಿದರೂ, ತಿರುಪು ಸಡಿಲವಾಗಿ ತಂತಿ ಕಳಚಿದರೂ ಪ್ರವಾಹ ನಿಂತು ಯಂತ್ರವೂ ನಿಲ್ಲುತ್ತದೆ. ಕರೆಗಂಟೆಯ ರೀತಿ ಜೋಡಿಸಿದ್ದರೆ, ತಂತಿ ತುಂಡಾಗಿದ್ದದ್ದು ತಿಳಿಯುವುದು ಅಪಘಾತದ ದಿನವೇ!

ಒತ್ತಿದ ಗುಂಡಿ ಒಳಗೇ ಕಚ್ಚಿಕೊಂಡಿರಬೇಕು. ಅದನ್ನು ಬಿಡಿಸಿದ ಮಾತ್ರಕ್ಕೆ ಯಂತ್ರ ಮತ್ತೆ ಹೊರಡಕೂಡದು. ಚಾಲನೆಯ ಗುಂಡಿಯನ್ನು ಬೇರೆಯಾಗಿಯೇ ಒತ್ತಬೇಕು. ಐಎಸ್‌ಒ 13850 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದನ್ನೇ. ನಮ್ಮ 1948ರ ಕಾರ್ಖಾನೆ ಕಾಯಿದೆಯ 24ನೇ ಕಲಮು, ಕೆಲಸದ ಪ್ರತಿ ಕೋಣೆಯಲ್ಲೂ ತುರ್ತಾಗಿ ಚಾಲಕಶಕ್ತಿ ಕಡಿಯುವ ಸಾಧನ ಇರಬೇಕೆಂದಿತ್ತು. ಮಗನೋ ಮಗಳೋ ಐಟಿಐ ಮುಗಿಸಿ ಇಂಥ ಕಡೆ ಸೇರಿದ್ದರೆ, ಸಂಬಳದ ಜೊತೆಗೆ ಗುಂಡಿ ಕೈಗೆಟಕುತ್ತದೆಯೇ ಎಂದೂ ಕೇಳಿನೋಡಿ. ಅದರ ಮುಂದೆಯೇ ಮೈದಾ ಮೂಟೆ ಪೇರಿಸುವವರೂ ಇದ್ದಾರೆ.

ಗುಂಡಿಯೊಂದೇ ಸಾಲದು ಅನ್ನಿ. ವಿದ್ಯುತ್ ಹೋದರೂ ಜಡತ್ವದಿಂದ ಯಂತ್ರ ಇನ್ನೊಂದೆರಡು ಸುತ್ತು ಹೊಡೆಯಬಹುದು. ಅಂಥದಕ್ಕೆ ಬ್ರೇಕು ಬೇಕು. ಮುಚ್ಚಳ ತೆರೆದೊಡನೆ ಮೋಟಾರು ನಿಲ್ಲುವ ಏರ್ಪಾಡಂತೂ ಇರಲೇಬೇಕು. ಹಿಟ್ಟು ಬೇಗ ಹಾಕಲೆಂದು ಅದನ್ನೇ ಕಿತ್ತಿಡುವುದು ಶುದ್ಧ ಮೂರ್ಖತನ.