ಸೇಂದಿ ಹೋಯಿತು, ಕುಡಿತ ಉಳಿಯಿತು

ಕಳೆದ ವರ್ಷ ನಮ್ಮ ವಿಭಾಗದ ಗೆಳೆಯನೊಬ್ಬ ವಿಚಾರ ಸಂಕಿರಣಕ್ಕೆಂದು ಇಂಗ್ಲೆಂಡಿಗೆ ಹೋಗಿ ಬಂದ. ತಾನು ಓದಿದ ಪ್ರಬಂಧದ ಬಗ್ಗೆ ಐದು ನಿಮಿಷ ಮಾತಾಡಿದ. ಅಲ್ಲಿನ ಹಿಂದಿನ ಗಲ್ಲಿಯೊಂದರ ಹಳೆಯ ಪಬ್ಬಿನ ಬಗ್ಗೆ ಇಡೀ ಸಂಜೆ ಮಾತಾಡಿದ. ಕೈಯಿಂದ ಎಳೆಯುವ ಪಂಪು, ಪೀಪಾಯಿಯಿಂದ ಬರುವ 'ರಿಯಲ್ ಏಲ್', ಮೂಲೆಯಲ್ಲಿ ಹರಟುವ ಮುದುಕರು. ನಾವೆಲ್ಲ ತಲೆದೂಗುತ್ತ ಕೇಳಿದೆವು. ಒಬ್ಬರು 'ಸಂಸ್ಕೃತಿ ಅಂದರೆ ಇದು' ಎಂದರು. 'ನಮ್ಮ ಪೋತ್ನಾಳದಾಗೂ ಹಿಂದಿನ ಓಣಿಯೊಳಗ ಇಂಥದ್ದೊಂದಿತ್ತು, ಸೇಂದಿ ಅಂಗಡಿ' ಎಂದೆ. ಎಲ್ಲರೂ ನಕ್ಕರು. ಆ ನಗುವಿಗೆ ಅವತ್ತು ಉತ್ತರ ಹೊಳೆಯಲಿಲ್ಲ. ಈಗ ಕೊಡುತ್ತಿದ್ದೇನೆ.

ಮೊದಲು ಅವರ ಕಥೆ. ಬ್ರಿಟನ್ನಿನ ದೊಡ್ಡ ಕಂಪನಿಗಳು ಪೀಪಾಯಿಯ ಬಿಯರನ್ನು ಬದಿಗೊತ್ತಿ, ಸೋಸಿ, ಕಾಯಿಸಿ, ಗ್ಯಾಸು ತುಂಬಿದ ಬಿಯರನ್ನು ಎಲ್ಲೆಡೆ ಹರಡತೊಡಗಿದಾಗ, 1971ರಲ್ಲಿ ಕೆಲವು ಕುಡಿಯುವವರೇ ಸೇರಿ 'ಕ್ಯಾಮ್ರಾ' ಎಂಬ ಸಂಘಟನೆ ಕಟ್ಟಿದರು. 'ರಿಯಲ್ ಏಲ್' ಎಂಬ ಮಾತು ಬಳಕೆಗೆ ಬಂದದ್ದು ಅವರಿಂದ. ಪೀಪಾಯಿಯೊಳಗೆ ಇನ್ನೂ ಹುದುಗುತ್ತಿರುವ, ತೆರೆದ ಮೇಲೆ ಕೆಲವೇ ದಿನ ಉಳಿಯುವ ಜೀವಂತ ಪಾನೀಯ ಅದು.

ಈಗ ನಮ್ಮದು. ಪೋತ್ನಾಳ ಇರುವುದು ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ. ಐದಾರು ವರ್ಷದವನಿದ್ದಾಗ ಸೋದರಮಾವನ ಬೆರಳು ಹಿಡಿದು ಆ ಅಂಗಡಿಗೆ ಹೋದ ನೆನಪಿದೆ. ಗರಿಯ ಚಪ್ಪರ, ಸಾಲಾಗಿಟ್ಟ ಗಡಿಗೆಗಳು, ಹುಳಿವಾಸನೆ. ಮಾಮಾ ಕುಡಿಯುತ್ತಿದ್ದ, ನಾನು ಮಂಡಾಳ ಒಗ್ಗರಣಿ ತಿನ್ನುತ್ತಿದ್ದೆ. ಸಂಜೆ ಈಚಲ ಮರಕ್ಕೆ ಕಟ್ಟಿದ ಗಡಿಗೆಯನ್ನು ನಸುಕಿನಲ್ಲಿ ಇಳಿಸುತ್ತಿದ್ದರು. ಆ ಹೊತ್ತಿಗೆ ರಸ ತಾನಾಗಿಯೇ ಹುದುಗತೊಡಗಿರುತ್ತದೆ. ಯಾರೂ ಏನನ್ನೂ ಬೆರೆಸಬೇಕಿಲ್ಲ. ಅಮಲಿನ ಅಂಶ ನೂರಕ್ಕೆ ನಾಲ್ಕೈದು ಪಾಲು, ಅಂದರೆ ಬಿಯರಿನಷ್ಟು. ಮರುದಿನಕ್ಕೆ ಅದು ಹುಳಿಯಾಗಿ ಕೆಡುತ್ತದೆ. ಹಾಗಾಗಿ ಮರವೂ ಅಂಗಡಿಯೂ ಕುಡಿಯುವವನೂ ಹತ್ತಿರ ಹತ್ತಿರವೇ ಇರಬೇಕು. ರೊಕ್ಕವೂ ಮರ ಏರುವವನಿಗೆ, ಗಡಿಗೆ ಮಾಡುವವನಿಗೆ ಊರೊಳಗೇ ಹಂಚಿಹೋಗುತ್ತಿತ್ತು. ನನ್ನ ಗೆಳೆಯ ಇಂಗ್ಲೆಂಡಿನಲ್ಲಿ ಕಂಡು ಬೆರಗಾದದ್ದರಲ್ಲಿ ಇಲ್ಲಿ ಇಲ್ಲದ್ದು ಯಾವುದು?

ನಮ್ಮ ಸರ್ಕಾರ ಮೊದಲು ಸೇಂದಿಯನ್ನು ನಿಲ್ಲಿಸಿತು, 2007ರ ಜುಲೈ 1ರಿಂದ ಸಾರಾಯಿಯನ್ನೂ ನಿಲ್ಲಿಸಿತು. ಆದರೆ ಪೋತ್ನಾಳದಂಥ ಊರುಗಳೇನೂ ಒಣಗಲಿಲ್ಲ. ಗಡಿಗೆಯ ಜಾಗಕ್ಕೆ 90 ಎಂ.ಎಲ್. ಪಾಕೀಟು ಬಂತು. ಅದರಲ್ಲಿರುವ ಅಮಲು ನೂರಕ್ಕೆ 42.8. ಈ ಮದ್ಯವೆಲ್ಲ ಸಗಟಾಗಿ ಸಾಗುವುದು 2003ರಲ್ಲಿ ಸರ್ಕಾರವೇ ಕಟ್ಟಿದ ಪಾನೀಯ ನಿಗಮದ ಮೂಲಕ. ಚಿಲ್ಲರೆಯಾಗಿ ಮಾರಲು ಸರ್ಕಾರದ್ದೇ ಎಂ.ಎಸ್.ಐ.ಎಲ್. ಅಂಗಡಿಗಳೂ ಇವೆ. ಒಂದೇ ದಿನಕ್ಕೆ ಕೆಡುವ ಸೇಂದಿಯನ್ನು ಯಾವ ಡಿಪೋದಲ್ಲಿ ಇಡಲಾದೀತು? ಕುಡಿತ ಕೆಟ್ಟದ್ದು ಎಂಬ ಕಾರಣಕ್ಕೇ ಸೇಂದಿ ಹೋಗಿದ್ದರೆ ಪಾಕೀಟು ಅದಕ್ಕಿಂತ ಮೊದಲು ಹೋಗಬೇಕಿತ್ತು. ಇದನ್ನು ನೀತಿಯೆನ್ನಲು ನನಗೆ ಬಾಯಿ ಬರುವುದಿಲ್ಲ. ಇದು ಬೊಕ್ಕಸದ ಲೆಕ್ಕ.

ಈ ಯುಗಾದಿಗೆ ಊರಿಗೆ ಹೋದಾಗ ಹಿಂದೆ ಮರ ಏರುತ್ತಿದ್ದ ಅಜ್ಜನೊಬ್ಬ ಸಿಕ್ಕ. 'ಗಿಡ ಅದಾವ, ಏರಾವ್ರಿಲ್ಲ. ಈಚಲಕ್ಕ ಕತ್ತಿ ಹಚ್ಚಿದ್ರ ಕೇಸು. ಕಿರಾಣಿ ಅಂಗಡ್ಯಾಗ ಪಾಕೀಟು ಮಾರಿದ್ರ ಕೇಳಾವ್ರಿಲ್ಲ. ಇದ್ಯಾವ ನ್ಯಾಯ ತಮ್ಮಾ?' ಎಂದ. ಐದು ವರ್ಷ ಸಂಶೋಧನೆ ಮಾಡಿದ ನನ್ನ ಬಳಿ ಉತ್ತರವಿರಲಿಲ್ಲ.

ಸೇಂದಿಯೇನು ಅಮೃತವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಕ್ಲೋರಲ್ ಹೈಡ್ರೇಟ್, ನಮ್ಮ ಜನರ ಬಾಯಲ್ಲಿ ಸಿ.ಎಚ್. ಪುಡಿ, ಬೆರೆಸಿ ಮಾರಿದವರು ರಾಯಚೂರು ಸೀಮೆಯ ಎಷ್ಟೋ ಮನೆ ಹಾಳು ಮಾಡಿದ್ದಾರೆ. ಅದಕ್ಕೆ ಹೊಂದಿಕೊಂಡ ದೇಹ ಒಂದು ದಿನ ತಪ್ಪಿದರೂ ನಡುಗುತ್ತದೆ. ಆದರೆ ನಿಷೇಧದಿಂದ ನಿಂತದ್ದು ಪುಡಿಯಲ್ಲ, ಮರ ಏರುವ ಕೆಲಸ. ಪುಡಿ ಕಲೆಸಿದ ಕಳ್ಳ ಸೇಂದಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಇವತ್ತಿಗೂ ಬರುತ್ತಿದೆ. ಹಾಲಿಗೆ ನೀರು ಬೆರೆಸುತ್ತಾರೆಂದು ಎಮ್ಮೆ ಸಾಕುವುದನ್ನೇ ನಿಷೇಧಿಸಿದ ಹಾಗಾಯಿತು ಇದು.

ಸಾಹಿತ್ಯದವರಾದ ನಮ್ಮ ಪಾಲೂ ಇದರಲ್ಲಿದೆ. ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡ ಹೆಂಡದ ಮಾರಯ್ಯನನ್ನು ಶರಣನೆಂದು ಓದುತ್ತೇವೆ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನನ್ನು ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸುತ್ತೇವೆ. ಕಾರಂತರ ಚೋಮ ಹೆಂಡ ಕುಡಿದರೆ ಅವನ ದುಃಖದ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಪೋತ್ನಾಳದ ಓಣಿಯಲ್ಲಿ ಕೂತು ಕುಡಿದವನು ಮಾತ್ರ ನಮಗೆ ನಗೆಪಾಟಲು. ಅದೇ ನಾವು ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಕೂತು ಬಿಯರಿನ ಗುಣ ಚರ್ಚಿಸಬಲ್ಲೆವು. ಕುಡಿಯುವವನ ಜಾತಿ, ಜೇಬು ನೋಡಿ ಒಂದನ್ನು ಅಭಿರುಚಿ, ಇನ್ನೊಂದನ್ನು ಚಟ ಎನ್ನುತ್ತೇವೆ.

ಇಷ್ಟೆಲ್ಲವನ್ನೂ ನಮ್ಮ ಅತ್ತಿಯ ಮುಂದೆ ಹೇಳಿದ್ದೆ. ಬೆರಳು ಹಿಡಿದು ನನ್ನನ್ನು ಕರೆದೊಯ್ದಿದ್ದ ಆ ಮಾಮಾ ಸೇಂದಿ ನಿಂತ ಮೇಲೆ ಪಾಕೀಟಿಗೆ ಬಿದ್ದು, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಇನ್ನೂರು ಕಿಲೋಮೀಟರಿನಷ್ಟು ದೂರ, ನಡೆದ ಹೆಂಗಸರಲ್ಲಿ ಅತ್ತಿಯೂ ಒಬ್ಬಳು. ನನ್ನ ವಾದವನ್ನೆಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಲೇ ಅಂದಳು: 'ಸೇಂದಿ ಇದ್ದಾಗೂ ಕೂಲಿ ರೊಕ್ಕ ಅರ್ಧ ಅಲ್ಲೇ ಹೋಗ್ತಿತ್ತಪಾ. ಆದ್ರ ಮನಿಗಿ ನಡಕೊಂಡು ಬರ್ತಿದ್ದ. ಪಾಕೀಟು ಬಂದ ಮ್ಯಾಲ ಹೊತ್ಕೊಂಡು ಬರ್ತಿದ್ರು.'

ನನ್ನ ವಾದವನ್ನು ಅವಳು ಅರ್ಧ ಒಪ್ಪಿದಳು, ಇನ್ನರ್ಧವನ್ನು ಮುರಿದಳು. ಆ ಮುರಿದ ಅರ್ಧವನ್ನು ಬಿಟ್ಟು ಮಾತಾಡುವ ಹಕ್ಕು ನನಗಿಲ್ಲ. ಹಾಗಾಗಿ ನಾನು ಕೇಳುವುದು ಇಷ್ಟು: ಮೊದಲು ಹಳ್ಳಿಹಳ್ಳಿಯ ಪಾಕೀಟು ನಿಲ್ಲಲಿ. ಆಮೇಲೆ, ಅತ್ತಿಯಂಥವರು ಕೂತ ಗ್ರಾಮಸಭೆ ಒಪ್ಪಿದ ಕಡೆ ಮಾತ್ರ, ಮರ ಏರುವವರದೇ ಸಹಕಾರ ಸಂಘಕ್ಕೆ ಪರವಾನಗಿ ಸಿಗಲಿ. ಸೇಂದಿಯನ್ನು ದಿನವೂ ಪರೀಕ್ಷೆ ಮಾಡಲಿ, ಪುಡಿ ಬೆರೆಸಿದವನನ್ನು ಜೈಲಿಗೆ ಕಳಿಸಲಿ. ಗ್ರಾಮಸಭೆ ಬೇಡವೆಂದರೆ ಬೇಡ. ಅದನ್ನು ನಿರ್ಧರಿಸಬೇಕಾದವರು ನಕ್ಕ ನನ್ನ ಗೆಳೆಯರೂ ಅಲ್ಲ, ಅಬಕಾರಿ ಆದಾಯದ ಗುರಿ ಹಾಕುವವರೂ ಅಲ್ಲ.