ಸಾಮ್ರಾಜ್ಯ ಕುಸಿದರೆ ಅಣ್ವಸ್ತ್ರಗಳ ಗತಿಯೇನು?

ಕಿತ್ತೂರು ಸೀಮೆಯ ದೇಗಾಂವದಲ್ಲಿ ಕದಂಬ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಇಂದಿಗೂ ನಿಂತಿದೆ. ಆ ರಾಜ್ಯ ಅಳಿದರೂ ಅದು ಬಿಟ್ಟುಹೋದ ಶಿಲ್ಪವನ್ನು ನಾವು ನೋಡುತ್ತಿದ್ದೇವೆ. 1991ರ ಡಿಸೆಂಬರಿನಲ್ಲಿ ಕುಸಿದ ಸೋವಿಯತ್ ಒಕ್ಕೂಟ ಬಿಟ್ಟುಹೋದ ಆಸ್ತಿಯೇ ಬೇರೆ: ರಷ್ಯ, ಉಕ್ರೇನ್, ಬೆಲಾರೂಸ್, ಕಝಾಕಿಸ್ತಾನ್‌ಗಳಲ್ಲಿ ಹರಡಿದ್ದ ಸಾವಿರಾರು ಅಣ್ವಸ್ತ್ರಗಳು.

ಉಕ್ರೇನ್ ಒಂದರಲ್ಲೇ ಸುಮಾರು 1,900 ದೂರಗಾಮಿ ಸಿಡಿತಲೆಗಳಿದ್ದವು. ಅವನ್ನು ಉಡಾಯಿಸುವ ಸಂಕೇತ ಮಾತ್ರ ಮಾಸ್ಕೋದ ಕೈಯಲ್ಲಿತ್ತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ರಷ್ಯ, ಅಮೆರಿಕ, ಬ್ರಿಟನ್ ದೇಶಗಳು ಉಕ್ರೇನಿನ ಗಡಿಯನ್ನು ಗೌರವಿಸುವುದಾಗಿ ಮಾತು ಕೊಟ್ಟವು. 1996ರ ಜೂನ್ ವೇಳೆಗೆ ಉಕ್ರೇನ್ ಎಲ್ಲ ಸಿಡಿತಲೆಗಳನ್ನೂ ರಷ್ಯಕ್ಕೆ ಒಪ್ಪಿಸಿತು.

ಒಳಿತೂ ಆಯಿತು. ರಷ್ಯ ಕಳಚಿದ ಸಿಡಿತಲೆಗಳ 500 ಟನ್ ಯುರೇನಿಯಂ 2013ರವರೆಗೆ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಇಂಧನವಾಯಿತು. ಖಡ್ಗ ನೇಗಿಲಾಗುವುದೆಂದರೆ ಇದೇ ಅಲ್ಲವೇ?

ಆದರೆ 2014ರಲ್ಲಿ ರಷ್ಯ ಕ್ರಿಮಿಯಾವನ್ನು ವಶಪಡಿಸಿಕೊಂಡಿತು. 2022ರಲ್ಲಿ ಇಡೀ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಶಸ್ತ್ರ ಒಪ್ಪಿಸಿದವರಿಗೆ ಕೊಟ್ಟ ಮಾತೇ ಮುರಿದರೆ ಮುಂದೆ ಯಾರು ತಾನೇ ಶಸ್ತ್ರ ಕೆಳಗಿಟ್ಟಾರು? ಅಣ್ವಸ್ತ್ರ ಬೇಡವೆನ್ನುವ ನಾವು, ಕೊಟ್ಟ ಮಾತು ಉಳಿಸಿಕೊಳ್ಳಿರೆಂದೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.