ಹನ್ನೆರಡರಲ್ಲಿ ಇಬ್ಬರ ಸಂದೇಹಕ್ಕೆ ಬೆಲೆಯಿಲ್ಲವೇ?

ಅಪರಾಧಿಯೆಂದು ಘೋಷಿಸಿದ ವಿಧಾನವೇ ಸಂವಿಧಾನಬಾಹಿರ ಎಂದು ದೇಶದ ಸುಪ್ರೀಮ್ ಕೋರ್ಟು ಹೇಳಿದ ಮೇಲೆಯೂ ಒಬ್ಬನನ್ನು ಅದೇ ತೀರ್ಪಿನ ಆಧಾರದಲ್ಲಿ ಜೀವನವಿಡೀ ಸೆರೆಯಲ್ಲಿಡಬಹುದೇ? ಇಡಬಹುದು ಎನ್ನುತ್ತದೆ ಅಮೆರಿಕದ ಲೂಸಿಯಾನಾ ರಾಜ್ಯ. ಇದಕ್ಕೆ ಕಾರಣ ಕೈದಿಯ ಅಪರಾಧದ ಸ್ವರೂಪವಲ್ಲ, ಸಾಕ್ಷ್ಯದ ಬಲವೂ ಅಲ್ಲ. ಆತನ ಮೇಲ್ಮನವಿ ಮುಗಿದ ದಿನಾಂಕ, ಅಷ್ಟೇ.

ಅಮೆರಿಕದಲ್ಲಿ ಗಂಭೀರ ಅಪರಾಧದ ಆರೋಪಿಗೆ ಜ್ಯೂರಿಯ ಮುಂದೆ ವಿಚಾರಣೆಗೊಳಗಾಗುವ ಹಕ್ಕಿದೆ. ಊರಿನ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಸಾಕ್ಷ್ಯವನ್ನು ಆಲಿಸಿ, ಒಮ್ಮತದಿಂದ ತೀರ್ಮಾನಿಸಬೇಕು. ಒಬ್ಬನಿಗೆ ಸಂದೇಹ ಉಳಿದರೂ ಶಿಕ್ಷೆಯಿಲ್ಲ. ಆದರೆ ಬಹುಕಾಲ ಎರಡು ರಾಜ್ಯಗಳು ಇದಕ್ಕೆ ಅಪವಾದವಾಗಿದ್ದವು: ಲೂಸಿಯಾನಾ ಮತ್ತು ಒರೆಗಾನ್. ಅಲ್ಲಿ ಹತ್ತು ಮಂದಿ ಒಪ್ಪಿದರೆ ಸಾಕಿತ್ತು, ಉಳಿದಿಬ್ಬರು ಏನೆಂದರು ಎಂಬುದನ್ನು ಯಾರೂ ಕೇಳಬೇಕಾಗಿರಲಿಲ್ಲ.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನಿದೆ ಎನಿಸಬಹುದು. ಬಹುಮತದಿಂದ ಸರಕಾರವನ್ನೇ ರಚಿಸುವಾಗ ಬಹುಮತದಿಂದ ತೀರ್ಪು ನೀಡಬಾರದೇಕೆ? ನಿಯಮದಲ್ಲಿ ಯಾವ ಜನಾಂಗದ ಹೆಸರೂ ಇಲ್ಲವಲ್ಲ! ಹೌದು, ಹೆಸರಿಲ್ಲ. ಅದರ ಕುಶಲತೆ ಇರುವುದೇ ಅಲ್ಲಿ. ಕರಿಯರನ್ನು ಜ್ಯೂರಿಯಿಂದ ಕಾನೂನಿನ ಮೂಲಕ ಹೊರಗಿಡುವಂತಿಲ್ಲವೆಂದು ಸುಪ್ರೀಮ್ ಕೋರ್ಟು 1880ರಲ್ಲೇ ಹೇಳಿತ್ತು. 1898ರಲ್ಲಿ ಲೂಸಿಯಾನಾದ ಸಂವಿಧಾನ ಸಮಾವೇಶ ನಡೆಯಿತು. ಬಿಳಿಯರ ಮೇಲಾಧಿಪತ್ಯವನ್ನು ಸ್ಥಾಪಿಸುವುದೇ ಗುರಿಯೆಂದು ಅದರ ನಾಯಕರು ಬಹಿರಂಗವಾಗಿಯೇ ಸಾರಿದ್ದರು. ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡದ್ದು ಅದೇ ಸಮಾವೇಶ. ಹನ್ನೆರಡರಲ್ಲಿ ಒಂಬತ್ತು ಮಂದಿ ಒಪ್ಪಿದರೆ ಸಾಕೆಂಬ ನಿಯಮವನ್ನು ತಂದದ್ದೂ ಅದೇ. ಬಾಗಿಲು ಮುಚ್ಚುವಂತಿಲ್ಲವೇ? ಸರಿ, ಒಳಗೆ ಬರಲಿ, ಕುಳಿತುಕೊಳ್ಳಲಿ, ಮಾತೂ ಆಡಲಿ. ಆ ಮಾತು ಲೆಕ್ಕಕ್ಕೆ ಬರದಿದ್ದರಾಯಿತು! 1970ರ ದಶಕದ ಹೊಸ ಸಂವಿಧಾನದಲ್ಲಿ ಒಂಬತ್ತು ಹತ್ತಾಯಿತೇ ಹೊರತು ತತ್ವ ಬದಲಾಗಲಿಲ್ಲ.

ಒರೆಗಾನ್‌ನ ಕಥೆಯಲ್ಲಿ ಬಲಿಪಶು ಬೇರೆ. 1933ರಲ್ಲಿ ಯಹೂದಿಯೊಬ್ಬನ ಕೊಲೆ ಮೊಕದ್ದಮೆಯಲ್ಲಿ ಜ್ಯೂರಿಯ ಒಬ್ಬ ಸದಸ್ಯ ಉಳಿದವರೊಂದಿಗೆ ಸಮ್ಮತಿಸದೆ, ಕೊನೆಗೆ ಕಡಿಮೆ ಶಿಕ್ಷೆಯ ಅಪರಾಧಕ್ಕೆ ರಾಜಿಯಾಯಿತು. ವಲಸಿಗರಿಂದಲೇ ಜ್ಯೂರಿ ಕೆಟ್ಟಿತೆಂದು ಪತ್ರಿಕೆಗಳು ಬೊಬ್ಬಿಟ್ಟವು. ಮರುವರ್ಷವೇ ಸಂವಿಧಾನಕ್ಕೆ ತಿದ್ದುಪಡಿಯಾಯಿತು.

ಜ್ಯೂರಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಮಹತ್ವ ನಮಗೆ ಹೊಸದೇನಲ್ಲ. ಭಾರತೀಯ ಮ್ಯಾಜಿಸ್ಟ್ರೇಟರು ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದೆಂಬ 1883ರ ಇಲ್ಬರ್ಟ್ ಮಸೂದೆಯ ವಿರುದ್ಧ ಇಲ್ಲಿನ ಬಿಳಿಯರು ದಂಗೆಯೆದ್ದಾಗ, ಕನಿಷ್ಠ ಅರ್ಧದಷ್ಟು ಯುರೋಪಿಯನ್ನರು ಅಥವಾ ಅಮೆರಿಕನ್ನರಿರುವ ಜ್ಯೂರಿಯನ್ನು ಕೇಳುವ ಹಕ್ಕನ್ನು ಕೊಟ್ಟು ಬ್ರಿಟಿಷ್ ಸರಕಾರ ಅವರನ್ನು ಸಮಾಧಾನಪಡಿಸಿತು. ತನ್ನವರಿಲ್ಲದ ಜ್ಯೂರಿಯ ಭಯವೇನೆಂದು ಅಧಿಕಾರಸ್ಥರಿಗೆ ಚೆನ್ನಾಗಿಯೇ ಗೊತ್ತಿತ್ತು. ನಾನಾವತಿ ಪ್ರಕರಣದ ಬಳಿಕ ನಮ್ಮಲ್ಲಿ ಜ್ಯೂರಿ ಪದ್ಧತಿ ಕ್ರಮೇಣ ಮರೆಯಾಯಿತು. ಅದು ಬೇರೆಯೇ ಚರ್ಚೆ.

ಲೂಸಿಯಾನಾದ ಇನ್ನೊಂದು ಪ್ರಕರಣವನ್ನು ಇಲ್ಲಿ ನೆನೆಯಬೇಕು. 1966ರಲ್ಲಿ ಡಂಕನ್ ಎಂಬ 19 ವರ್ಷದ ಕರಿಯ ಯುವಕ, ಬಿಳಿಯರ ಶಾಲೆಗೆ ಹೊಸದಾಗಿ ಸೇರಿದ್ದ ತನ್ನ ಬಂಧುಗಳಿಬ್ಬರು ಕೆಲವು ಬಿಳಿಯ ಹುಡುಗರೊಂದಿಗೆ ನಿಂತಿರುವುದನ್ನು ಕಂಡು ಜಗಳ ತಪ್ಪಿಸಲು ಹೋದ. ಬಿಳಿಯ ಹುಡುಗನೊಬ್ಬನ ಮೊಣಕೈ ಮುಟ್ಟಿದ; ಅಲ್ಲ, ಹೊಡೆದ ಎಂದಿತು ಪ್ರತಿಪಕ್ಷ. ಜ್ಯೂರಿ ಕೇಳಿದಾಗ ಕೊಡಲಿಲ್ಲ. 60 ದಿನ ಸೆರೆ, 150 ಡಾಲರ್ ದಂಡ. ರಾಜ್ಯಗಳ ನ್ಯಾಯಾಲಯಗಳೂ ಜ್ಯೂರಿಯ ಹಕ್ಕನ್ನು ಗೌರವಿಸಬೇಕೆಂದು ಸುಪ್ರೀಮ್ ಕೋರ್ಟು 1968ರಲ್ಲಿ ತೀರ್ಪಿತ್ತದ್ದು ಈ ಮೊಣಕೈಯ ಪ್ರಕರಣದಲ್ಲಿಯೇ. ಆದರೆ 1972ರಲ್ಲಿ ಅದೇ ಕೋರ್ಟು, ಫೆಡರಲ್ ನ್ಯಾಯಾಲಯಗಳಿಗೆ ಒಮ್ಮತ ಕಡ್ಡಾಯ, ರಾಜ್ಯಗಳಿಗೆ ಅಲ್ಲ ಎಂಬ ವಿಚಿತ್ರ ನಿಲುವಿಗೆ ಬಂದಿತು. ಅದು ಸರಿಯಾಗಲು 48 ವರ್ಷಗಳು ಬೇಕಾದವು. ನಡುವೆ 2018ರಲ್ಲಿ ಲೂಸಿಯಾನಾದ ಮತದಾರರೇ ಹಳೆಯ ನಿಯಮವನ್ನು ಕಿತ್ತೊಗೆದರು, ಆದರೆ 2019ರಿಂದ ಮುಂದಿನ ಅಪರಾಧಗಳಿಗೆ ಮಾತ್ರ. 2020ರ ಏಪ್ರಿಲ್‌ನಲ್ಲಿ ರಾಮೋಸ್ ಪ್ರಕರಣದ ತೀರ್ಪು ಬಂದಿತು: ಒಮ್ಮತವಿಲ್ಲದೆ ಗಂಭೀರ ಅಪರಾಧಕ್ಕೆ ಶಿಕ್ಷೆಯಿಲ್ಲ, ಯಾವ ರಾಜ್ಯದಲ್ಲೂ.

ಹಾಗಾದರೆ ಹಳೆಯ ಕೈದಿಗಳು? ಮೇಲ್ಮನವಿ ಇನ್ನೂ ಬಾಕಿಯಿದ್ದವರಿಗೆ ಮರುವಿಚಾರಣೆಯ ಅವಕಾಶ ದೊರೆಯಿತು. ಮೇಲ್ಮನವಿ ಅಂತಿಮಗೊಂಡವರಿಗೆ ಈ ತೀರ್ಪು ಪೂರ್ವಾನ್ವಯವಾಗದೆಂದು ಸುಪ್ರೀಮ್ ಕೋರ್ಟು 2021ರಲ್ಲಿ ಎಡ್ವರ್ಡ್ಸ್ ಪ್ರಕರಣದಲ್ಲಿ ಹೇಳಿತು. ಎಡ್ವರ್ಡ್ಸ್ ಕರಿಯ. ಆತನ ಜ್ಯೂರಿಯಲ್ಲಿದ್ದ ಏಕೈಕ ಕರಿಯ ಸದಸ್ಯರು ಎಲ್ಲ ಆರೋಪಗಳಲ್ಲೂ ಆತನ ಬಿಡುಗಡೆಯ ಪರವಾಗಿದ್ದರು. 1898ರ ನಿಯಮ ಯಾವುದಕ್ಕಾಗಿ ರೂಪುಗೊಂಡಿತ್ತೋ ಆ ಕೆಲಸವನ್ನು ಒಂದು ಶತಮಾನದ ಬಳಿಕವೂ ಚಾಚೂ ತಪ್ಪದೆ ಮಾಡಿತ್ತು.

ಪರಿಹಾರ ಕೊಡುವ ಸ್ವಾತಂತ್ರ್ಯ ರಾಜ್ಯಗಳಿಗೆ ಇದ್ದೇ ಇತ್ತು. 2022ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಸರ್ವೋಚ್ಚ ನ್ಯಾಯಾಲಯ ಅದನ್ನು ನಿರಾಕರಿಸಿತು. ಸಾವಿರಕ್ಕೂ ಹೆಚ್ಚು ಕೈದಿಗಳ ಬಾಗಿಲು ಮುಚ್ಚಿತು. ಅದೇ ಡಿಸೆಂಬರ್‌ನಲ್ಲಿ ಒರೆಗಾನ್‌ನ ಸರ್ವೋಚ್ಚ ನ್ಯಾಯಾಲಯ ಹಳೆಯ ಕೈದಿಗಳಿಗೂ ಪರಿಹಾರವಿದೆಯೆಂದಿತು.

ಲೂಸಿಯಾನಾದ ವಾದವನ್ನು ಸುಲಭವಾಗಿ ತಳ್ಳಿಹಾಕಬಾರದು. ವರ್ಷಗಳುರುಳಿವೆ, ಸಾಕ್ಷಿಗಳು ಸತ್ತಿದ್ದಾರೆ, ಸಂತ್ರಸ್ತೆಯೊಬ್ಬಳನ್ನು ಮತ್ತೆ ಕಟಕಟೆಗೆ ಕರೆದು ಹಳೆಯ ಗಾಯವನ್ನು ಕೆದಕಬೇಕೇ? ಈ ನೋವು ನಿಜ. ಆದರೆ ಕೇಳುತ್ತಿರುವುದು ಬಿಡುಗಡೆಯನ್ನಲ್ಲ, ವಿಚಾರಣೆಯನ್ನು. ಮೊಕದ್ದಮೆ ಹಳತಾದದ್ದು ಕೈದಿಯ ತಪ್ಪೇ? ತಪ್ಪು ನಿಯಮವನ್ನು ನೂರಿಪ್ಪತ್ತು ವರ್ಷ ಉಳಿಸಿಕೊಂಡ ರಾಜ್ಯವು ಈಗ ತಡವಾಯಿತೆನ್ನುವುದು ಎಂಥ ನ್ಯಾಯ?

ಇನ್ನು ರಾಮೋಸ್. 2016ರಲ್ಲಿ ಹತ್ತು ಮಂದಿ ಆತನನ್ನು ಕೊಲೆಗಾರನೆಂದಿದ್ದರು, ಇಬ್ಬರು ಅಲ್ಲವೆಂದಿದ್ದರು. ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಗಿತ್ತು. 2023ರಲ್ಲಿ ಹೊಸ ಜ್ಯೂರಿಯ ಮುಂದೆ ಮತ್ತೆ ವಿಚಾರಣೆ ನಡೆಯಿತು. ಆತ ನಿರ್ದೋಷಿಯೆಂದು ತೀರ್ಪು ಬಂದಿತು. ಆತನ ಮೇಲ್ಮನವಿ 2020ರ ವೇಳೆಗೆ ಅಂತಿಮಗೊಂಡಿರಲಿಲ್ಲ.